ನಿನಗೆ ಮಾತ್ರ

ಸಂಬಳದ ದಿನ ಅಮ್ಮ ಮೊದಲು ಕಿಟಕಿ ಮುಚ್ಚುತ್ತಾಳೆ, ಆಮೇಲೆ ನನ್ನ ಲಕೋಟೆ ತೆರೆಯುತ್ತಾಳೆ. ಎಣಿಸುವಾಗ ತುಟಿ ಅಲುಗುತ್ತದೆ, ದನಿ ಬರುವುದಿಲ್ಲ.

"ಮಗಳಿಗೆ ಎಷ್ಟು ಕೊಡ್ತಾರೆ ಅಕ್ಕಾ?" ಎಂದು ಚಿಕ್ಕಮ್ಮ ಕೇಳಿದರೆ, "ಏನೋ, ಉಪ್ಪು ಮೆಣಸಿಗೆ ಆಗುತ್ತೆ ಕಣೇ" ಎನ್ನುತ್ತಾಳೆ.

"ಅಬ್ಬಾ, ನಿಮ್ಮನೇಲಿ ಎಷ್ಟು ಉಪ್ಪು ತಿಂತೀರೋ!" ಎಂದು ಚಿಕ್ಕಮ್ಮ ನಗುತ್ತಾಳೆ.

ಅವಳು ಹೋದ ಮೇಲೆ ನನಗೆ ಪಾಠ. "ಹೆಂಗಸಿನ ವಯಸ್ಸು, ಗಂಡಸಿನ ಸಂಬಳ ಕೇಳಬಾರದು ಅಂತಾರೆ. ನೀನು ಹೆಂಗಸು, ಸಂಬಳ ಬೇರೆ ತರ್ತೀಯ. ಎರಡನ್ನೂ ಹೇಳಬೇಡ."

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಸುಮ್ಮನಿರುವುದು ನನಗೆ ಸುಲಭ.

ನನ್ನ ಕೆಲಸ ಲಾಂಡ್ರಿಯಲ್ಲಿ. ಆಸ್ಪತ್ರೆಯ ಹಾಸುಬಟ್ಟೆ ಮಡಚಲು ಇಬ್ಬರು ಬೇಕು. ಮೂರು ವರ್ಷದಿಂದ ಎದುರು ತುದಿ ಹಿಡಿದವಳು ಅಲ್ಲಿ ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯ ಕೆಲಸಗಾರ್ತಿ. ಜಾಡಿಸುವುದು, ನಡೆದು ಬಂದು ಮೂಲೆಗೆ ಮೂಲೆ ಕೂಡಿಸುವುದು, ಎಲ್ಲ ಅವಳೇ ಕಲಿಸಿದ್ದು. ಗಂಡ ಸತ್ತ ಮೇಲೆ ಒಬ್ಬಳೇ ಬಂದು ಕೊಟ್ಟಷ್ಟಕ್ಕೆ ಸೇರಿದವಳು. ಅವಳದು ಹನ್ನೊಂದು ವರ್ಷ ಪಳಗಿದ ಕೈ. ನನ್ನ ಪರವಾಗಿ ಚೌಕಾಸಿ ಮಾಡಿದ್ದು ಸೋದರಮಾವ. ನನಗೆ ಹದಿಮೂರು ಸಾವಿರ.

ಯಜಮಾನರು ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಲಕೋಟೆ ಕೊಡುತ್ತಾರೆ. "ನಿಂಗೆ ಮಾತ್ರ ಅಂತ ಸ್ವಲ್ಪ ಜಾಸ್ತಿ ಹಾಕಿದೀನಮ್ಮ. ಯಾರ ಹತ್ರಾನೂ ಬಾಯಿ ಬಿಡಬೇಡ."

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಕ್ಕ ದನಿ ತಗ್ಗಿಸಿದಳು. ಮಗಳು ಹತ್ತನೇ ತರಗತಿ ಪಾಸಾಗಿದ್ದಳು, ಕಾಲೇಜಿಗೆ ಸೇರಿಸಬೇಕಿತ್ತು.

"ಸಂಬಳ ಜಾಸ್ತಿ ಕೇಳೋಣ ಅಂತಿದೀನಿ. ನಂಗೆ ಹತ್ತು ಸಾವಿರ ಕಣೇ. ನಂಗೆ ಮಾತ್ರ ಜಾಸ್ತಿಯಂತೆ, ಅದಕ್ಕೇ ನಿನ್ನ ಮುಂದೆ ಹೇಳಿರಲಿಲ್ಲ. ಬೇಜಾರು ಮಾಡ್ಕೋತೀಯಾ ಅಂತ. ನಿಂಗೆ ಒಂಬತ್ತಾ?"

ನನ್ನ ಕಿವಿ ಬಿಸಿಯಾಯಿತು. ತಲೆ ತಾನಾಗಿ ಆಡಿತು: ಹೌದು.

"ಅಯ್ಯೋ ಪಾಪ. ನಿಂಗೇ ಒಂಬತ್ತು ಅಂದ್ಮೇಲೆ ನಾನು ಯಾವ ಮುಖ ಇಟ್ಕೊಂಡು ಕೇಳಲಿ?" ಎಂದು ತನ್ನ ಡಬ್ಬಿಯಿಂದ ಒಂದು ತುತ್ತು ಪಲ್ಯ ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನು ತಿಂದೆ.

ತಿಂಗಳು ಕಳೆದ ಮೇಲೆ ಒಂದು ಸೋಮವಾರ ಅವಳ ಹಿಂದೆ ಮಗಳೂ ಬಂದಳು. ಹೆಗಲಲ್ಲಿ ಶಾಲೆಯ ಬ್ಯಾಗು. ಅದರೊಳಗೆ ಊಟದ ಡಬ್ಬಿ ಮಾತ್ರ.

"ಫೀಸಿಗೆ ದಾರಿ ಆಗಲಿಲ್ಲ. ನಿನ್ನ ಕೈಕೆಳಗೆ ಕಲೀಲಿ, ನಿಂದು ನಯವಾದ ಕೈ" ಎಂದಳು ದೊಡ್ಡಕ್ಕ.

ಅಂದು ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ.

"ಬಾಯಿ ಬಿಟ್ಟರೆ ಬಣ್ಣಗೇಡು" ಎಂದಳು. "ನಿಂದರಲ್ಲಿ ಕಿತ್ತು ಅವಳಿಗೆ ಹಾಕ್ತಾರೆ, ನೋಡ್ತಿರು."

"ನಾನು ಶಾಲೆ ಬಿಟ್ಟ ದಿನ ನೀನು ಅತ್ತಿದ್ದೆ ಅಮ್ಮ. ಆ ಹುಡುಗಿಯನ್ನ ಬಿಡಿಸಿದವಳು ನಾನು."

ಅಮ್ಮ ಅಕ್ಕಿ ಆರಿಸುತ್ತಲೇ ಇದ್ದಳು.

ಬೆಳಿಗ್ಗೆ ಮೊದಲ ಹಾಸುಬಟ್ಟೆ ಜಾಡಿಸಿದೆವು. ದೊಡ್ಡಕ್ಕ ಮೂಲೆ ಕೊಡಲು ಹತ್ತಿರ ಬಂದಾಗ ಹೇಳಿಬಿಟ್ಟೆ. "ಅಕ್ಕಾ, ನಂಗೆ ಒಂಬತ್ತಲ್ಲ. ಹದಿಮೂರು. ಸೇರಿದ ದಿನದಿಂದ."

ಅವಳು ಬೈಯಲಿಲ್ಲ. ಮಗಳ ಕಡೆ ಒಮ್ಮೆ ನೋಡಿದಳು. "ಮೂರು ವರ್ಷ ಎದುರಿಗೇ ನಿಂತಿದ್ದೆಯಲ್ಲೇ" ಎಂದಷ್ಟೇ ಹೇಳಿ, ಕೈಯಲ್ಲಿದ್ದ ಬಟ್ಟೆ ಬಿಟ್ಟು ಯಜಮಾನರ ಕೋಣೆಗೆ ನಡೆದಳು. ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

"ಯಾರಮ್ಮ ಹೇಳಿದ್ದು ಇದನ್ನೆಲ್ಲ?" ಯಜಮಾನರು ಗದರಿದರು.

"ನಾನು ಸಾರ್."

"ಬಾಯಿ ಬಿಡಬೇಡ ಅಂದಿರಲಿಲ್ವಾ? ನಿಂಗೆ ಮಾತ್ರ ಅಂತ ಕೊಟ್ಟಿದ್ದು!"

"ಅಕ್ಕನಿಗೂ ಅದನ್ನೇ ಅಂದಿದ್ರಂತೆ ಸಾರ್."

ಮಡಚುವ ಮೇಜಿನ ಸುತ್ತ ಎಲ್ಲರ ಕೈ ನಿಂತಿತ್ತು, ಯಜಮಾನರೂ ಅದನ್ನು ನೋಡಿದರು. ಅವರೆಲ್ಲರಿಗೂ ಅದೇ ಮಾತು ಹೇಳಿದ್ದರೆಂದು ಅವತ್ತೇ ತಿಳಿಯಿತು.

ಮುಂದಿನ ತಿಂಗಳಿನಿಂದ ದೊಡ್ಡಕ್ಕನಿಗೂ ಹದಿಮೂರಾಯಿತು. ನನ್ನದರಲ್ಲಿ ಯಾರೂ ಕೀಳಲಿಲ್ಲ. ಆದರೆ ಕಾಲೇಜಿಗೆ ಸೇರಿಸಿಕೊಳ್ಳುವ ದಿನಗಳು ಮುಗಿದಿದ್ದವು. ಆ ಹುಡುಗಿ ಒಂದು ವರ್ಷ ಟವೆಲ್ ಮಡಚಬೇಕು. ನನ್ನ ತಲೆ ಒಮ್ಮೆ ಆಡಿದ್ದಕ್ಕೆ ಅವಳ ಒಂದು ವರ್ಷ.

ಓದುವ ಅಕ್ಕತಂಗಿಯರೇ, ಗುಟ್ಟು ಎಂದು ನಮ್ಮ ಕೈಗೆ ಕೊಟ್ಟದ್ದು ಯಾರನ್ನು ಕಾಯುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ.

ಈಗ ಸಂಬಳದ ದಿನ ನಾವೆಲ್ಲ ಲಕೋಟೆಗಳನ್ನು ಮೇಜಿನ ಮೇಲೆ ತೆರೆಯುತ್ತೇವೆ, ಮೊದಲು ನನ್ನದು. ಆ ಹುಡುಗಿ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾಳೆ. ಆಮೇಲೆ ನಾನೂ ದೊಡ್ಡಕ್ಕನೂ ಮತ್ತೆ ಹಾಸುಬಟ್ಟೆ ಹಿಡಿಯುತ್ತೇವೆ. ಅವಳು ನಡೆದು ಬಂದು ಮೂಲೆ ಕೊಡುತ್ತಾಳೆ. ಮುಖ ಇನ್ನೂ ಕೊಟ್ಟಿಲ್ಲ.