ಹಿಂದಿನ ಅಂಕೆ

ಕಲ್ಲುಕುಟಿಗ ಕಲ್ಲಿನ ಮೇಲೆ ಹೊದಿಸಿದ್ದ ಗೋಣಿಚೀಲ ಸರಿಸಿದ್ದೇ ತಡ, ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕನ ಸಮಾಧಿಗೆಂದು ಕೆತ್ತಿಸಿದ ಕಲ್ಲು ಅದು. ಮೇಲೆ ಅವಳ ಹೆಸರು. ಕೆಳಗಿನ ಸಾಲಿನಲ್ಲಿ, ಪತ್ರ ಬರೆದು ಸಹಿ ಹಾಕಿದ ಹಾಗೆ, ‘ಇಂತಿ ಪ್ರೀತಿಯ ಅಣ್ಣ’. ಅದಕ್ಕೆ ಅಂಟಿಕೊಂಡೇ ಬಲಕ್ಕೆ ೩೯೩೯೧೩೩.

“ಏಳೆಲ್ಲಿ?” ಎಂದು ಅಣ್ಣನನ್ನು ಕೇಳಿದೆ.

“ಜಾಗ ಸಾಲ್ಲಿಲ್ಲ. ಅವಳೇ ಹೇಳಿದ್ಲಲ್ಲ, ಜಾಗ ಸಾಲದಿದ್ರೆ ಹಿಂದಿನ ಅಂಕೆ ಬಿಡಿ ಅಂತ. ಹಿಂದಿನ ಪುಟ, ಹಿಂದಿನ ವಾರ... ಹಿಂದಿನದು ಅಂದ್ರೆ ಮೊದಲು ಬರೋದು ತಾನೇ?”

“ಹಿಂದಿನ ಬಾಗಿಲು ಅನ್ನಲ್ವಾ? ಹಿಂದಿನ ಸೀಟು ಅನ್ನಲ್ವಾ?”

ಪೂರ್ತಿ ಸಂಖ್ಯೆ ೭೩೯೩೯೧೩೩. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಲೆಕ್ಕದ ಟೀಚರಾಗಿದ್ದ ಅಕ್ಕ ಪ್ರತಿ ಹೊಸ ತರಗತಿಯ ಬೋರ್ಡಿನ ಮೇಲೂ ಮೊದಲು ಬರೆಯುತ್ತಿದ್ದದ್ದು ಇದನ್ನೇ. ಅವಿಭಾಜ್ಯ ಸಂಖ್ಯೆ, ಒಂದು ಮತ್ತು ತಾನು ಬಿಟ್ಟರೆ ಇನ್ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಬಲಗಡೆಯಿಂದ ಒಂದೊಂದೇ ಅಂಕೆ ಅಳಿಸುತ್ತ ಬನ್ನಿ, ಬರೀ ಏಳು ಉಳಿಯುವವರೆಗೂ ಉಳಿದದ್ದೆಲ್ಲ ಅವಿಭಾಜ್ಯವೇ. ಈ ಗುಣವಿರುವ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಸಕ್ಕರೆ ಕಾಯಿಲೆಗೆ ಮೊದಲು ಅಕ್ಕನ ಕಾಲ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೂ. “ಕೆಳಗಿಂದ ಎಷ್ಟು ಬೇಕಾದ್ರೂ ಕತ್ತರಿಸ್ಲಿ ಕಣೇ, ಉಳಿದಷ್ಟೂ ನಾನೇ,” ಎಂದು ನಗುತ್ತಿದ್ದಳು. ಕಲ್ಲಿನ ಮೇಲೆ ಈ ಸಂಖ್ಯೆಯೊಂದಿದ್ದರೆ ಸಾಕು ಅಂದಿದ್ದಳು, ಬೇರೇನೂ ಕೇಳಿರಲಿಲ್ಲ. ಅವತ್ತು ಅಣ್ಣನೂ ಇದ್ದ. ಅವನು ಆಸ್ಪತ್ರೆಗೆ ಬಂದದ್ದು ಅದೊಂದೇ ಸಲ, ಬಂದಾಗಲೂ ಗಡಿಯಾರ ನೋಡುತ್ತ ಕೂತಿದ್ದ.

“ಎಡಗಡೆಯ ಏಳು ತೆಗೆದ್ರೆ ಏನಾಗುತ್ತೆ ಗೊತ್ತಾ?” ನನ್ನ ದನಿ ಏರಿತು. “ಹನ್ನೊಂದರಿಂದ ಭಾಗ ಹೋಗುತ್ತೆ, ಶೇಷವೇ ಇಲ್ದೆ! ಬಾಲ ಕತ್ತರಿಸು ಅಂದ್ರೆ ತಲೆ ಕಡಿದಿದ್ದೀಯ.”

“ಸಮಾಧಿ ಮುಂದೆ ನಿಂತು ಯಾರೇ ಭಾಗಾಕಾರ ಮಾಡ್ತಾರೆ?” ಎಂದು ಅಣ್ಣ ಕಲ್ಲುಕುಟಿಗನ ಕಡೆ ನೋಡಿ ನಕ್ಕ.

ಆ ನಗು ನೋಡಿ ನನಗೆ ಪಿತ್ತ ನೆತ್ತಿಗೇರಿತು. “ನಿನ್ನ ಸಹಿ ಯಾರು ಕೇಳಿದ್ರು? ಬದುಕಿದ್ದಾಗ ಅವಳ ಪಕ್ಕ ಅರ್ಧ ಗಂಟೆ ಕೂರೋಕಾಗ್ಲಿಲ್ಲ ನಿನಗೆ. ಈಗ ಅವಳ ಜಾಗದಲ್ಲೇ ಕಾಲು ಚಾಚಿ ಕೂತಿದ್ದೀಯಲ್ಲ!”

ನಾನು ಕಲ್ಲುಕುಟಿಗನ ಕಡೆ ತಿರುಗಿದೆ. “ಅಣ್ಣ ಅನ್ನೋದ್ರಲ್ಲಿ ಕೊನೇ ಅಕ್ಷರ ಅಳಿಸಿ ಅಲ್ಲೇ ಏಳು ಕೆತ್ತೋಕಾಗುತ್ತಾ?”

“ಆಗುತ್ತಮ್ಮ. ಆದ್ರೆ ಅಲ್ಲಿ ಕಲ್ಲು ತಗ್ಗಾಗುತ್ತೆ. ಏಳು ಮಾತ್ರ ಮಿಕ್ಕಿದ್ದಕ್ಕಿಂತ ಆಳದಲ್ಲಿರುತ್ತೆ.”

“ಇರ್ಲಿ. ಕೆತ್ತು.”

“ಏಯ್, ಬರೀ ‘ಅ’ ಉಳಿಯುತ್ತಲ್ಲೇ!” ಎಂದು ಅಣ್ಣ ಕೂಗಿದ.

“ಹಿಂದಿನ ಒಂದಕ್ಷರ ತಾನೇ?” ಎಂದೆ. “ಅದು ಹೋದ್ಮೇಲೂ ನೀನು ಅಣ್ಣನಾಗಿ ಉಳೀತೀಯಾ ನೋಡೋಣ.”

ಉಳಿಯ ತಲೆಯ ಮೇಲೆ ಸುತ್ತಿಗೆಯ ಮೊದಲ ಏಟು ಬಿತ್ತು.