ಎರಡನೆಯ ಅಪ್‌ಡೇಟ್

ಲಾ ಸ್ಕೂಲಿನ ಮೊದಲ ವರ್ಷದವರ ಪಾಡು ಶತ್ರುವಿಗೂ ಬೇಡ. ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಡಿಸೆಂಬರಿನಲ್ಲೇ ಅರ್ಜಿ ಹಾಕಬೇಕು, ಆದರೆ ಆಗ ತೋರಿಸಿಕೊಳ್ಳಲು ಕೈಯಲ್ಲಿ ಒಂದು ಗ್ರೇಡೂ ಇರುವುದಿಲ್ಲ. ಗ್ರೇಡು ಬರುವುದು ಜನವರಿಯಲ್ಲಿ, ಅದೂ ಒಟ್ಟಿಗಲ್ಲ, ಪ್ರೊಫೆಸರುಗಳಿಗೆ ಮನಸ್ಸು ಬಂದ ಹಾಗೆ ಒಂದೊಂದಾಗಿ. ಬಂದ ಮೇಲೆ ಅರ್ಜಿ ಹಾಕಿದ ಕಡೆಗೆಲ್ಲ ಮತ್ತೆ ಬರೆಯಬೇಕು: ಹೊಸ ಅಂಕಪಟ್ಟಿ ಲಗತ್ತಿಸಿದ್ದೇನೆ, ದಯವಿಟ್ಟು ನನ್ನ ಅರ್ಜಿಯ ಜೊತೆ ಸೇರಿಸಿಕೊಳ್ಳಿ ಎಂದು. ಇದಕ್ಕೆ ಅಪ್‌ಡೇಟ್ ಕಳಿಸುವುದು ಅನ್ನುತ್ತಾರೆ. ಬಿ ಬಂದವರು ಮೀನಮೇಷ ಎಣಿಸುತ್ತ ಕೂರುತ್ತಾರೆ. ಎ ಬಂದವರು ಕೋಟು ಬಿಚ್ಚುವ ಮೊದಲೇ ಕಳಿಸಿ ಮುಗಿಸಿರುತ್ತಾರೆ.

ಸಿಗ್ನೆ ರೌಟಿಯೊ ಕೋಟು ಬಿಚ್ಚಿರಲಿಲ್ಲ. ಲೈಬ್ರರಿಯ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತ ಫೋನು ನೋಡಿದಳು. ಟಾರ್ಟ್ಸ್: ಎ. ಯಾರ ತಪ್ಪಿನಿಂದ ಯಾರಿಗೆ ಪೆಟ್ಟಾಯಿತು, ನಷ್ಟ ಯಾರು ತುಂಬಬೇಕು ಎಂದು ಲೆಕ್ಕ ಹಾಕುವ ವಿಷಯ ಅದು. ಉಳಿದೆರಡರಲ್ಲಿ ಅವಳಿಗೆ ಬಿ ಬಂದಿತ್ತು. ಟಾರ್ಟ್ಸ್‌ನಲ್ಲಂತೂ ಕೊನೆಯ ಪ್ರಶ್ನೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಳು. ಅದಕ್ಕೇ ಎ ಎಂದರೆ ನಂಬುವುದು ಹೇಗೆ? ಆದರೂ ನಂಬಿದಳು. ಅಂಥ ಸುದ್ದಿಯನ್ನು ಯಾರು ತಾನೇ ನಂಬುವುದಿಲ್ಲ?

ಅರ್ಜಿ ಹಾಕಿದ ಕಡೆಯಿಂದೆಲ್ಲ ಬೇಡ ಎಂಬ ಉತ್ತರ ಬಂದಾಗಿತ್ತು. ಉಳಿದದ್ದು ಜಡ್ಜ್ ಆಸ್ಟರ್‌ಹೌಟ್ ಅವರ ಕಚೇರಿ ಒಂದೇ. ಸರೋವರದ ಆ ತುದಿಯಿಂದ ಈ ತುದಿಯವರೆಗೆ ವಕೀಲಿಕೆ ಮಾಡಬೇಕೆಂದಿರುವ ಯಾರೇ ಆಗಲಿ, ಆಸ್ಟರ್‌ಹೌಟ್ ಬಳಿ ಒಂದು ಬೇಸಿಗೆ ದುಡಿದರೆ ಮುಂದಿನ ಬಾಗಿಲುಗಳು ತಾವಾಗಿ ತೆರೆಯುತ್ತವೆ. ಸಿಗ್ನೆಯ ಅಪ್ಪ ಕಬ್ಬಿಣದ ಗಣಿಯಲ್ಲಿದ್ದವನು. ಅವರ ವಂಶದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರೆಲ್ಲ ಕಟಕಟೆಗೇ ಹೋದವರು. ಅವಳಿಗೆ ಆ ಜಾಗ ಬೇಕಿತ್ತು, ಹಸಿದವರಿಗೆ ಊಟ ಬೇಕಾದ ಹಾಗೆ. ನಿಂತಲ್ಲೇ ಅಪ್‌ಡೇಟ್ ಕಳಿಸಿದಳು.

ಫೋನು ಜೇಬಿಗೆ ಹಾಕುವಷ್ಟರಲ್ಲಿ ಅದು ನಡುಗಿತು. ಒಂದು ಮೆಸೇಜು.

"ಟಾರ್ಟ್ಸ್ ಎಷ್ಟು ಬಂತೇ?"

ಮೇಲೆ ಹೆಸರಿತ್ತು: ಓಡೆಟ್.

ಓಡೆಟ್ ಬ್ರಸಾರ್ಡ್ ಸತ್ತು ತಿಂಗಳಾಗುತ್ತ ಬಂದಿತ್ತು. ದಕ್ಷಿಣದ ಲೂಯಿಸಿಯಾನದ ಹುಡುಗಿ. ಹುಟ್ಟಿದಾರಭ್ಯ ಹಿಮ ಕಂಡವಳಲ್ಲ. ಪರೀಕ್ಷೆ ಮುಗಿಸಿ ಕ್ರಿಸ್‌ಮಸ್ಸಿಗೆ ಊರಿಗೆ ಹೊರಟವಳು ಸರೋವರದ ದಂಡೆಯ ತಿರುವಿನಲ್ಲಿ ಕಾರಿನ ಸಮೇತ ನೀರಿಗೆ ಹೋಗಿದ್ದಳು. ಸೆಪ್ಟೆಂಬರಿನಿಂದ ಸಿಗ್ನೆಯ ಪಕ್ಕದ ಕುರ್ಚಿ ಅವಳದೇ. ಈಗ ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ, ತರಗತಿಯವರು ಕೋಟುಗಳನ್ನು ಮಾತ್ರ ಅದರ ಮೇಲೆ ಹಾಕುತ್ತಿದ್ದರು.

ಓಡೆಟ್‌ಳ ಅಮ್ಮ ಇರಬೇಕು, ಮಗಳ ಫೋನು ಇಟ್ಟುಕೊಂಡಿರಬೇಕು ಎಂದು ಸಿಗ್ನೆ ತನಗೆ ತಾನೇ ಹೇಳಿಕೊಂಡಳು. ಉತ್ತರ ಮಾತ್ರ ಬರೆಯಲಿಲ್ಲ.

ಆ ವಾರದ ಕೊನೆಗೆ ಟಾರ್ಟ್ಸ್ ಪ್ರೊಫೆಸರು ವಾಡಿಕೆಯಂತೆ ಮಾದರಿ ಉತ್ತರ ಹಾಕಿದರು. ತರಗತಿಯಲ್ಲೇ ಶ್ರೇಷ್ಠವಾದ ಉತ್ತರಪತ್ರಿಕೆಯನ್ನು ಹೆಸರಿಲ್ಲದೆ ಎಲ್ಲರಿಗೂ ಓದಲು ಕೊಡುವುದು ಅಲ್ಲಿನ ಪದ್ಧತಿ. ಪುಟದ ತಲೆಯಲ್ಲಿ ಪರೀಕ್ಷೆಯ ನಂಬರು ಮಾತ್ರ ಇರುತ್ತದೆ. ಗ್ರೇಡಿನ ಪುಟದಲ್ಲಿ ತನ್ನ ಹೆಸರಿನ ಮುಂದಿದ್ದ ನಂಬರೂ ಅದೇ ಎಂದು ಕಂಡು ಸಿಗ್ನೆ ಬೀಗಿದಳು. ಬಾಯಿ ಬಿಡುವ ಹಾಗಿಲ್ಲ, ನಂಬರನ್ನು ಯಾರಿಗೂ ಹೇಳಬಾರದು, ಬೇರೆಯವರದನ್ನು ನೋಡಲೂಬಾರದು, ಅಷ್ಟು ಮಡಿ. ಕಿಟಕಿಯ ಪಕ್ಕ ಕೂತು, ತಾನೇನು ಬರೆದಿದ್ದೆ ಎಂದು ಓದತೊಡಗಿದಳು.

ಒಂದು ಸಾಲೂ ಅವಳದಲ್ಲ.

'ಇನ್ನು ಆ ಬಡಪಾಯಿಯ ಕಡೆಯಿಂದ ನೋಡೋಣ' ಎಂದು ಎರಡನೆಯ ಪ್ಯಾರಾ ಶುರುವಾಗಿತ್ತು. ಪೆಟ್ಟು ತಿಂದವನನ್ನೂ ಪೆಟ್ಟು ಕೊಟ್ಟವನನ್ನೂ ಬಡಪಾಯಿ ಎನ್ನುವವಳು ಇಡೀ ತರಗತಿಯಲ್ಲಿ ಒಬ್ಬಳೇ ಇದ್ದಳು. ಓದುತ್ತ ಹೋದಂತೆ ಸಿಗ್ನೆಗೆ ಅಕ್ಷರ ಕಾಣುವುದು ನಿಂತು ದನಿ ಕೇಳಿಸತೊಡಗಿತು, ಅದೇ ಎಳೆದೆಳೆದು ಆಡುವ ದಕ್ಷಿಣದ ದನಿ, ಪಕ್ಕದ ಕುರ್ಚಿಯಿಂದ ಕೇಳಿಸುವಷ್ಟೇ ಹತ್ತಿರದಲ್ಲಿ. ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಎದುರಿನ ಮೇಜಿನ ಹುಡುಗ ತಲೆಯೆತ್ತಿ, "ಏನೇ, ನನ್ನ ಕರೆದ್ಯಾ?" ಎಂದ.

"ಇಲ್ಲ," ಎಂದಳು.

"ಯಾರೋ ನಕ್ಕ ಹಾಗಾಯ್ತಪ್ಪ," ಎಂದು ಅವನು ಮತ್ತೆ ಓದಿಗೆ ಬಗ್ಗಿದ.

ಆಗ ಅವಳಿಗೆ ಎಲ್ಲ ನೆನಪಾಯಿತು. ಪ್ರತಿ ಪರೀಕ್ಷೆಗೂ ಹೊಸ ನಂಬರು, ಬೆಳಿಗ್ಗೆ ಕಚೇರಿಯ ಕಿಟಕಿಯಲ್ಲಿ ಒಂದು ಬಿಳಿ ಕಾರ್ಡಿನ ಮೇಲೆ ಕೊಡುತ್ತಾರೆ. ಟಾರ್ಟ್ಸ್ ದಿನ ಇಬ್ಬರೂ ಕಾರ್ಡುಗಳನ್ನು ಬೋರಲಾಗಿ ಕ್ಯಾಂಟೀನಿನ ಮೇಜಿನ ಮೇಲಿಟ್ಟು ಕಾಫಿ ಕುಡಿದಿದ್ದರು. ಸಿಗ್ನೆಯ ಕೈ ತಾಗಿ ಕಾಫಿ ತನ್ನ ಕಾರ್ಡಿನ ಮೇಲೇ ಚೆಲ್ಲಿತ್ತು. ಗಂಟೆಯಾಯಿತೆಂದು ತಲಾ ಒಂದೊಂದು ಎತ್ತಿಕೊಂಡು ಓಡಿದ್ದರು. ಪರೀಕ್ಷೆ ಮುಗಿಸಿ ಹೊರಬಂದ ಓಡೆಟ್ ಹೇಳಿದ್ದಳು, "ಥೂ, ನನ್ನ ಕಾರ್ಡು ಒದ್ದೆ ಮುದ್ದೆ ಆಗಿತ್ತು ಕಣೇ, ನಂಬರು ಕಷ್ಟಪಟ್ಟು ಓದಬೇಕಾಯ್ತು. ಆದರೂ ಏನು ಬರೆದಿದೀನಿ ಗೊತ್ತಾ? ಜನ್ಮದಲ್ಲಿ ಇಷ್ಟು ಚೆನ್ನಾಗಿ ಬರೆದಿಲ್ಲ." ಸಿಗ್ನೆಗೆ ಅವತ್ತು ತನ್ನ ಅರ್ಧ ಬಿಟ್ಟ ಉತ್ತರದ ಚಿಂತೆಯೇ ಹತ್ತಿತ್ತು. ಒದ್ದೆ ಕಾರ್ಡಿನ ಮಾತು ಕಿವಿಗೆ ಬಿದ್ದರೂ, ಒದ್ದೆಯಾದದ್ದು ತನ್ನ ಕಾರ್ಡಲ್ಲವೇ ಎಂಬುದು ತಲೆಗೆ ಹೋಗಿರಲಿಲ್ಲ.

ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಸತ್ತವಳಿಗೆ ಎ ಯಾಕೆ, ಅವಳೇನು ಅರ್ಜಿ ಹಾಕಬೇಕೆ, ಎಂದು ಮನಸ್ಸು ವಾದ ಹೂಡಿತು. ಹೊಸ ವಕೀಲೆಯಲ್ಲವೇ, ವಾದಕ್ಕೇನು ಕೊರತೆ.

ಸೋಮವಾರ ಕಾಂಟ್ರಾಕ್ಟ್ಸ್ ತರಗತಿ ಮುಗಿಸಿ ಹೊರಬಂದಾಗ ಜಡ್ಜರ ಕಚೇರಿಯಿಂದ ಕರೆ ಬಂತು. ಕಾರ್ಯದರ್ಶಿ ವರ್ನಾ ಕ್ರೆಬ್ಸ್. ಎರಡು ತಲೆಮಾರಿನ ವಕೀಲರನ್ನು ಗದರಿಸಿ ನೆಟ್ಟಗೆ ಮಾಡಿದವಳು ಎಂದು ಆಕೆಯ ಹೆಸರು.

"ನೋಡಮ್ಮಾ, ನಿನ್ನಿಂದ ಎರಡು ಅಪ್‌ಡೇಟ್ ಬಂದಿದೆ. ಒಂದರಲ್ಲಿ ಟಾರ್ಟ್ಸ್ ಎ. ಈಗ ಬಂದಿರೋದ್ರಲ್ಲಿ ಸಿ ಮೈನಸ್. ಎರಡರ ಮೇಲೂ ಸ್ಕೂಲಿನ ಮುದ್ರೆ ಇದೆ. ನಾನು ಯಾವುದನ್ನ ಫೈಲಿಗೆ ಹಾಕ್ಲಿ? ಎರಡೂ ಹಾಕಿದ್ರೆ ಜಡ್ಜು ನನ್ನನ್ನೇ ಫೈಲಿಗೆ ಹಾಕ್ತಾರೆ."

"ನಾನು ಒಂದೇ ಕಳಿಸಿದ್ದು ಮೇಡಂ."

"ನಿನ್ನ ವಿಳಾಸದಿಂದಲೇ ಬಂದಿದೆ. ಒಂದು ಗಂಟೆ ಆಗಿಲ್ಲ ಇನ್ನೂ."

ಗೋಡೆಗೆ ಒರಗಿ ಸಿಗ್ನೆ ತನ್ನ ಮೇಲ್ ತೆರೆದು ನೋಡಿದಳು. ಕಳಿಸಿದವುಗಳ ಸಾಲಿನಲ್ಲಿ ಅದು ಇತ್ತು. ಕಾಂಟ್ರಾಕ್ಟ್ಸ್ ತರಗತಿಯಲ್ಲಿ ಅವಳು ಎದ್ದು ನಿಂತು ಪ್ರೊಫೆಸರಿಗೆ ಉತ್ತರ ಹೇಳುತ್ತಿದ್ದ ಹೊತ್ತಿನಲ್ಲಿ, ಲ್ಯಾಪ್‌ಟಾಪು ಚೀಲದೊಳಗೆ ಮುಚ್ಚಿಕೊಂಡಿದ್ದಾಗ, ಹೋಗಿತ್ತು. ಲಗತ್ತಿಸಿದ ಅಂಕಪಟ್ಟಿಯಲ್ಲಿ ಅವಳ ಹೆಸರು, ಅವಳ ಎರಡು ಬಿ, ಮತ್ತು ಟಾರ್ಟ್ಸ್ ಸಿ ಮೈನಸ್. ಅಂಥ ಅಂಕಪಟ್ಟಿ ಲೋಕದಲ್ಲಿ ಎಲ್ಲೂ ಇರಲಿಲ್ಲ. ಸ್ಕೂಲಿನ ಪುಟದಲ್ಲಿ ಈಗಲೂ ಎ ಎಂದೇ ತೋರಿಸುತ್ತಿತ್ತು. ಆದರೆ ನಿಜವಾದದ್ದು ಇದೇ.

ಭಯವಾಯಿತು, ನಿಜವಾದ ಭಯ. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆ ಭಯದಲ್ಲೂ ಬಾಯಿ ತನ್ನ ಕೆಲಸ ತಾನು ಮಾಡಿತು.

"ಮೊದಲನೆಯದೇ ಸರಿ, ಮೇಡಂ. ಎರಡನೆಯದು ಏನೋ ತಪ್ಪಾಗಿ ಬಂದಿದೆ."

"ಹಾಗೇ ಅಂದ್ಕೊಂಡೆ. ಹಾಗಾದ್ರೆ ಗುರುವಾರ ಬಾ, ಜಡ್ಜು ನೋಡ್ತಾರಂತೆ. ಒಳ್ಳೆ ಬೂಟು ಹಾಕ್ಕೊಂಡು ಬಾ, ಆ ಗಣಿ ಬೂಟಲ್ಲಿ ಬರಬೇಡ."

ತಾನು ಯಾವ ಬೂಟು ಹಾಕುತ್ತೇನೆಂದು ಈಕೆಗೆ ಹೇಗೆ ಗೊತ್ತು ಎಂದು ಸಿಗ್ನೆ ಕೇಳಲಿಲ್ಲ. ಆ ಭಾಗದವರೆಲ್ಲ ಚಳಿಗಾಲ ಪೂರ್ತಿ ಅದನ್ನೇ ಹಾಕುವುದು.

ಗುರುವಾರ ಕೋರ್ಟಿನ ಮೂರನೆಯ ಮಹಡಿಯಲ್ಲಿ, ಜಡ್ಜರ ಬಾಗಿಲ ಹೊರಗಿನ ಬೆಂಚಿನ ಮೇಲೆ, ಅಕ್ಕನಿಂದ ಎರವಲು ತಂದ ಬೂಟಿನಲ್ಲಿ ಸಿಗ್ನೆ ಕೂತಿದ್ದಳು. ಮೊದಲೇ ಬಂದ ಹುಡುಗ ಒಳಗಿದ್ದ. ಕಿಟಕಿಯಾಚೆ ಸರೋವರ ಬೂದಿ ಬಣ್ಣಕ್ಕೆ ತಿರುಗಿತ್ತು. ಫೋನು ಹೊಡೆದುಕೊಂಡಿತು. ಓಡೆಟ್.

ಈ ಸಲ ಮೆಸೇಜಲ್ಲ, ಕರೆ. ಎತ್ತದೆ ಬಿಡಬಹುದಿತ್ತು. ಆದರೆ ಖಾಲಿ ಕಾರಿಡಾರಿನಲ್ಲಿ ಅದು ಹೊಡೆದುಕೊಳ್ಳುತ್ತಲೇ ಇತ್ತು, ನಿಲ್ಲಲೊಲ್ಲದು. ಎತ್ತಿ ಕಿವಿಗಿಟ್ಟುಕೊಂಡಳು. ಆಚೆ ಯಾರೋ ಉಸಿರಾಡುವುದು ಕೇಳಿಸಿತು.

"ನೀನೇನಮ್ಮಾ ಸಿಗ್ನೆ?" ಗಂಡಸಿನ ದನಿ, ವಯಸ್ಸಾದದ್ದು. "ನೀರಿನಂಥ ಕಾಫಿ ಕುಡಿಯೋ ಹುಡುಗಿ ಅಂತ ನಮ್ಮೋಳು ಹೇಳ್ತಿದ್ಲು. ನಾನು ಆಲ್ಸೀಡ್. ಓಡೆಟ್ ಅಪ್ಪ."

ಸಿಗ್ನೆಯ ಎದೆಯ ಭಾರ ಇಳಿಯಿತು. "ಹೋದ ವಾರ ಮೆಸೇಜು ಕಳಿಸಿದ್ದು ನೀವೇನಾ? ಕ್ಷಮಿಸಿ, ಉತ್ತರ ಕೊಡೋಕಾಗಲಿಲ್ಲ."

"ಮೆಸೇಜಾ? ಇಲ್ಲಮ್ಮ. ಅವಳ ಫೋನು ನೀರಲ್ಲಿ ಸತ್ತು ಹೋಯ್ತು. ಈ ನಂಬರನ್ನ ಹೊಸ ಫೋನಿಗೆ ಹಾಕಿಸ್ಕೊಂಡಿದ್ದು ಇವತ್ತು ಬೆಳಿಗ್ಗೆ. ಮೊದಲ ಕರೆ ನಿನಗೇ."

ಕಾರಿಡಾರಿನ ದೀಪಗಳೆಲ್ಲ ಉರಿಯುತ್ತಿದ್ದವು, ಆದರೂ ಬೆಂಚಿನ ಆ ತುದಿಯ ಕಡೆ ತಿರುಗಿ ನೋಡಲು ಸಿಗ್ನೆಗೆ ಧೈರ್ಯವಾಗಲಿಲ್ಲ.

"ಒಂದು ವಿಷಯ ಕೇಳ್ತೀನಿ, ನಿಜ ಹೇಳಬೇಕು," ಎಂದರು ಆಲ್ಸೀಡ್. "ಸ್ಕೂಲಿನವರು ಅವಳ ಅಂಕಪಟ್ಟಿ ಕಳಿಸಿದಾರೆ. ಟಾರ್ಟ್ಸ್ ಸಿ ಮೈನಸ್ ಅಂತ ಇದೆ. ಅವಳು ಫೋನಲ್ಲಿ ನಮಗೆ ಹೇಳಿದ್ದು, ಪಪ್ಪಾ, ನಾನೇ ಮೊದಲು ಬರ್ತೀನಿ ನೋಡ್ತಿರು ಅಂತ. ನಗ್ತಾ ಇದ್ಲು. ಹಾಗಾದ್ರೆ ಸುಳ್ಳು ನಕ್ಲಾ? ಇವಳಮ್ಮ ಊಟ ಬಿಟ್ಟಿದಾಳೆ. ನಮ್ಮ ಹುಡುಗಿ ಅಲ್ಲಿ ಒಳಗೊಳಗೇ ಬೆಂದು ಹೋಗಿದ್ಲು, ನಮಗೆ ಗೊತ್ತಾಗಲಿಲ್ಲ, ಬೇಕಂತ್ಲೇ ನೀರಿಗೆ ಹೋದಳು ಅಂತ ಹಗಲೂ ರಾತ್ರಿ ಅದೇ ಮಾತು. ನೀನು ಪಕ್ಕದಲ್ಲಿ ಕೂರ್ತಿದ್ದೋಳು. ಬೇಕಂತ್ಲೇ ಹೋದ್ಲಾ?"

ಬಾಗಿಲು ತೆರೆಯಿತು. ಒಳಗಿದ್ದ ಹುಡುಗ ಟೈ ಸಡಿಲಿಸುತ್ತ ಹೊರಬಂದ. ಅವನ ಹಿಂದೆ ವರ್ನಾ ಬಾಗಿಲಲ್ಲಿ ನಿಂತು, ಬಾ ಎಂದು ಕೈ ಮಾಡಿದಳು. ಒಳಗೆ ಪುಸ್ತಕಗಳ ಕಪಾಟು, ಹಸಿರು ದೀಪ, ಜಡ್ಜರ ಬೆಳ್ಳಗಿನ ತಲೆ ಕಂಡವು. ಆರು ಹೆಜ್ಜೆಯೂ ಇರಲಿಲ್ಲ. ಸಿಗ್ನೆಗೆ ಆ ಕೋಣೆ ಬೇಕಿತ್ತು, ಈಗಲೂ ಬೇಕಿತ್ತು.

"ಆ ಸಿ ಮೈನಸ್ ನಂದು," ಎಂದಳು ಫೋನಿಗೆ. "ನಮ್ಮಿಬ್ಬರ ಕಾರ್ಡು ಅದಲುಬದಲಾಗಿತ್ತು. ಅವಳಿಗೆ ಬಂದಿದ್ದು ಎ. ಅವಳೇ ಮೊದಲು. ಅವಳು ಬರೆದಿದ್ದನ್ನ ಇಡೀ ಕ್ಲಾಸು ಓದ್ತಿದೆ. ಅವಳು ನಕ್ಕಿದ್ದು ನಿಜ."

"ಇದನ್ನ ಬರೆದು ಕೊಡ್ತೀಯಾ ತಾಯಿ?" ಎಂದರು ಆಲ್ಸೀಡ್. "ಸ್ಕೂಲಿನವರ ಮುದ್ರೆ ಹಾಕಿಸಿ? ಬಾಯಿ ಮಾತು ಹೇಳಿದ್ರೆ ಇವಳಮ್ಮ ನಂಬಲ್ಲ. ನಾನು ಸಮಾಧಾನಕ್ಕೆ ಕಥೆ ಕಟ್ತಿದೀನಿ ಅಂತಾಳೆ."

"ಕೊಡ್ತೀನಿ. ಸ್ವಲ್ಪ ಇರಿ."

ಫೋನನ್ನು ಎದೆಗೊತ್ತಿಕೊಂಡು ಎದ್ದು ವರ್ನಾಳ ಮುಂದೆ ನಿಂತಳು. "ಮೇಡಂ, ಎರಡನೆಯ ಅಪ್‌ಡೇಟೇ ಸರಿ. ಟಾರ್ಟ್ಸ್ ಸಿ ಮೈನಸ್. ಸೋಮವಾರ ನಾನು ನಿಮಗೆ ಸುಳ್ಳು ಹೇಳಿದೆ."

ವರ್ನಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಗದರಿಸಲಿಲ್ಲ. ಕೈಯಲ್ಲಿದ್ದ ಫೈಲು ಮುಚ್ಚಿ, "ಹಾಗಾದ್ರೆ ಮನೆಗೆ ಹೋಗಮ್ಮ," ಎಂದು ಬಾಗಿಲು ಎಳೆದುಕೊಂಡಳು.

ಸಿಗ್ನೆ ಬೆಂಚಿಗೆ ಮರಳಿ ಫೋನು ಕಿವಿಗಿಟ್ಟುಕೊಂಡಳು. ಅತ್ತುಬಿಡುತ್ತೇನೆಂದುಕೊಂಡಿದ್ದಳು, ಅಳು ಬರಲಿಲ್ಲ. ಆಲ್ಸೀಡ್ ಇನ್ನೂ ಇದ್ದರು.

"ಇನ್ನೊಂದಿದೆ," ಎಂದರು ಅವರು, ಮೆಲ್ಲಗೆ. "ಗ್ರೇಡು ಹೋಗಲಿ. ಪೊಲೀಸರು ಕಾರಿನೊಳಗೆ ಎಲ್ಲಾ ದಾಖಲಾಗೋ ಪೆಟ್ಟಿಗೆ ತೆಗೆದು ನೋಡಿದಾರೆ. ಕೊನೆ ಗಳಿಗೆವರೆಗೂ ಅವಳು ಬ್ರೇಕು ಒತ್ತೇ ಇಲ್ಲವಂತೆ. ಮುಟ್ಟೂ ಇಲ್ಲವಂತೆ. ಬದುಕಬೇಕು ಅನ್ನೋರು ಬ್ರೇಕು ಒತ್ತಲ್ವಾ? ಇದನ್ನ ನಾನು ಇವಳಮ್ಮನಿಗೆ ಹೇಳೇ ಇಲ್ಲ."

ಸಿಗ್ನೆ ಕಣ್ಣು ಮುಚ್ಚಿದಳು. ನವೆಂಬರಿನಲ್ಲಿ ಮೊದಲ ಹಿಮ ಬಿದ್ದ ಭಾನುವಾರ, ಚರ್ಚಿನ ಹಿಂದಿನ ಖಾಲಿ ಮೈದಾನದಲ್ಲಿ ಓಡೆಟ್ ಸ್ಟಿಯರಿಂಗ್ ಹಿಡಿದು ಕಿರುಚಿಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ಕೂತು ಸಿಗ್ನೆ ಹೇಳಿದ್ದಳು, ಮತ್ತೆ ಮತ್ತೆ ಹೇಳಿದ್ದಳು, ಅವಳ ಬಾಯಲ್ಲೂ ಹೇಳಿಸಿದ್ದಳು.

"ಆಕ್ಸಿಲರೇಟರ್? ಅದರ ಬಗ್ಗೆ ಏನಾದ್ರೂ ಬರೆದಿದಾರಾ?" ಎಂದು ಕೇಳಿದಳು.

ಕಾಗದ ಮಗುಚಿದ ಸದ್ದು. "ಅದನ್ನೂ ಒತ್ತಿರಲಿಲ್ಲ ಅಂತಿದೆ. ತಿರುವಿಗೆ ಮುಂಚೆನೇ ಕಾಲು ತೆಗೆದಿದ್ಲಂತೆ."

"ಮಂಜುಗಡ್ಡೆ ಮೇಲೆ ಕಾರು ಜಾರಿದ್ರೆ ಬ್ರೇಕು ಮುಟ್ಟಬಾರದು ಅಂಕಲ್. ಕಾಲು ತೆಗೆದು, ಹೋಗಬೇಕಾದ ಕಡೆ ಸ್ಟಿಯರಿಂಗ್ ತಿರುಗಿಸಿ ಸುಮ್ಮನಿರಬೇಕು. ಇಲ್ಲಿ ಎಲ್ಲರೂ ಹಾಗೇ ಮಾಡೋದು. ಅವಳಿಗೆ ಗೊತ್ತಿರಲಿಲ್ಲ. ನಾನೇ ಹೇಳಿಕೊಟ್ಟೆ."

ಆಲ್ಸೀಡ್ ಉಸಿರು ಒಳಗೆಳೆದುಕೊಂಡರು.

"ಅಂದ್ರೆ ನನ್ನ ಮಗಳು ಕಾರನ್ನ ರಸ್ತೆಗೇ ತರೋಕೆ ನೋಡ್ತಿದ್ಲು."

"ಹೌದು."

"ನೀನು ಹೇಳಿಕೊಟ್ಟ ಹಾಗೇನೇ ಮಾಡಿದ್ಲು," ಎಂದರು ಅವರು, ಮತ್ತು ಫೋನು ಕೆಳಗಿಡದೆಯೇ ಹೆಂಡತಿಯನ್ನು ಕೂಗಿ ಕರೆದರು.