ಗೇಟಿನ ಸಭೆಯ ಸ್ಟೂಲು

ನಾನು ಒಂದು ಮರದ ಸ್ಟೂಲು. ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಬಡಗಿ ಪುಟ್ಟಾಚಾರಿ ನನ್ನನ್ನು ಮಾಡಿದ. ಯಂತ್ರ ಬಂದಿದ್ದ ಪೆಟ್ಟಿಗೆಯ ಹಲಗೆಗಳು, ಮೂರು ದಿನದ ಊಟದ ಬಿಡುವು. ಕೊನೆಗೆ ನನ್ನ ತಳದಲ್ಲಿ ಉಳಿಯಿಂದ ತನ್ನ ಟೋಕನ್ ನಂಬರು ಕೆತ್ತಿದ: ಆರುನೂರ ಹನ್ನೆರಡು.

ಗೇಟಿನ ಮುಂದೆ ಯೂನಿಯನ್ ಸಭೆ ನಡೆದಾಗ ಮಾತಾಡುವವರು ನನ್ನ ಮೇಲೆ ನಿಲ್ಲುತ್ತಿದ್ದರು. ಚಪ್ಪಲಿ ಬಿಟ್ಟೇ ಹತ್ತಬೇಕು. ಆ ಪದ್ಧತಿ ಪುಟ್ಟಾಚಾರಿಯದು. "ದೇವ್ರು ಗೀವ್ರು ಅಂತಲ್ಲ, ಪಾಲಿಶ್ ಹೋಗ್ತದೆ," ಎನ್ನುತ್ತಿದ್ದ. ಜನ ಬೇರೆಯೇ ತಿಳಿದರು. ಬರಿಗಾಲಲ್ಲಿ ಅಲ್ಲಿ ನಿಂತವನು ಸುಳ್ಳು ಹೇಳುವುದಿಲ್ಲ ಎಂದು ನಂಬಿದರು.

ನನಗೆ ಮನುಷ್ಯರ ಗುರುತು ಸಿಗುವುದು ಪಾದಗಳಿಂದ. ಕಾರ್ಯದರ್ಶಿ ಮುನಿಯಲ್ಲಪ್ಪನ ಎಡ ಹಿಮ್ಮಡಿ ಒಡೆದಿತ್ತು.

ಸಂಬಳ ಹೆಚ್ಚಿಸಿ ಎಂದು ಮುಷ್ಕರ ಶುರುವಾಯಿತು. ಅರವತ್ತೊಂದನೆಯ ದಿನದ ಹೊತ್ತಿಗೆ ನನ್ನ ಸುತ್ತಲಿನ ಕಾಲುಗಳೆಲ್ಲ ಸಣ್ಣಗಾಗಿದ್ದವು. ಮುನಿಯಲ್ಲಪ್ಪ ಹತ್ತಿ ನಿಂತ.

"ನಾಳೆ ಒಳಗೆ ಹೋಗೋಣ. ಒಬ್ಬರ ಕೆಲಸಕ್ಕೂ ಕೈ ಹಾಕಲ್ಲ ಅಂತ ಸಾಹೇಬ್ರು ಮಾತು ಕೊಟ್ಟವ್ರೆ."

"ಬರ್ದು ಕೊಟ್ರಾ ಮುನಿಯಣ್ಣ?" ಪುಟ್ಟಾಚಾರಿ ಕೇಳಿದ.

"ಕೈ ಹಿಡ್ದು ಹೇಳವ್ರೆ ಕಣಯ್ಯಾ. ನಿಂಗೆ ಎಲ್ಲಕ್ಕೂ ಅಳತೆಪಟ್ಟಿ ಬೇಕು."

ಎಲ್ಲರೂ ನಕ್ಕರು. ಪುಟ್ಟಾಚಾರಿಯೂ ನಕ್ಕ.

ಮರುದಿನ ಬೆಳಿಗ್ಗೆ ಹನ್ನೊಂದು ಜನರನ್ನು ಕೆಲಸದಿಂದ ತೆಗೆದಿದೆಯೆಂದು ಗೇಟಿನಲ್ಲೇ ತಡೆದರು. ಪಟ್ಟಿಯ ಮೊದಲ ನಂಬರು ಆರುನೂರ ಹನ್ನೆರಡು. ಉಳಿದವರು ಸ್ವಲ್ಪ ಹೊತ್ತು ನಿಂತರು. ಸೈರನ್ ಕೂಗಿತು. ಒಬ್ಬೊಬ್ಬರೇ ನನ್ನನ್ನು ದಾಟಿ ಒಳಗೆ ಹೋದರು. ಒಡೆದ ಹಿಮ್ಮಡಿಯೂ ಹೋಯಿತು.

ಸಂಜೆ ಮುನಿಯಲ್ಲಪ್ಪ ಸಭೆ ಕರೆದ. ಏಳು ಜನ ಬಂದರು. ಪುಟ್ಟಾಚಾರಿ ಬರಲಿಲ್ಲ, ಆಮೇಲೆಂದೂ ಬರಲಿಲ್ಲ. ವರ್ಷದೊಳಗೆ ಒಂದು ಯೂನಿಯನ್ ಮೂರಾಯಿತು. ಮುಷ್ಕರ ಮಾಡುವುದಿಲ್ಲ ಎಂದವರನ್ನು ಮಾತ್ರ ಆಡಳಿತ ಮಾತಿಗೆ ಕರೆಯಿತು. ಅವರಿಗೆ ಒಳಗೆ ಕುರ್ಚಿಗಳಿದ್ದವು, ನಾನು ಬೇಕಾಗಲಿಲ್ಲ. ಕಾವಲುಗಾರರ ಕೋಣೆಯಲ್ಲಿ ನನ್ನ ಮೇಲೆ ನೀರಿನ ಕ್ಯಾನು ಕೂತಿತು.

ಮೊನ್ನೆ ಪಿಂಚಣಿಯ ಕಾಗದಕ್ಕೆಂದು ಒಬ್ಬ ಮುದುಕ ಬಂದ. ಗುತ್ತಿಗೆಯ ಕಾವಲುಗಾರ ಕ್ಯಾನು ಇಳಿಸಿ ನನ್ನನ್ನು ಮುಂದಕ್ಕೆ ಎಳೆದ.

"ಕೂತ್ಕೊಳಿ ತಾತ."

ಮುದುಕ ನನ್ನನ್ನು ನೋಡಿ ಚಪ್ಪಲಿ ಬಿಟ್ಟ. ಎಡ ಹಿಮ್ಮಡಿ ಈಗಲೂ ಒಡೆದೇ ಇತ್ತು.

"ನಿಮ್ಗೆ ಯೂನಿಯನ್ ಐತೇನಪ್ಪ?"

"ಆ ಹೆಸ್ರು ಎತ್ತಿದ್ರೆ ನಾಳೆ ಗೇಟಲ್ಲೇ ನಿಲ್ಲಿಸ್ತಾರೆ ತಾತ. ಆಗ ನನ್ ಹಿಂದೆ ಯಾರ್ ಬರ್ತಾರೆ?"

ಮುನಿಯಲ್ಲಪ್ಪ ಬಗ್ಗಿದ. ಅವನ ಕೈ ನನ್ನ ತಳವನ್ನು ತಡವಿತು, ನಂಬರು ಸಿಕ್ಕಿದಲ್ಲಿ ನಿಂತಿತು. ಅವನು ಕೂರಲಿಲ್ಲ. ಕಾಗದ ಬರುವವರೆಗೂ ಬರಿಗಾಲಲ್ಲಿ ನೆಲದ ಮೇಲೆ ನಿಂತೇ ಇದ್ದ.

ಅವನು ಹೋದ ಮೇಲೆ ಕ್ಯಾನು ಮತ್ತೆ ನನ್ನ ಮೇಲೆ ಬಂತು. ಮುಷ್ಕರದ ಆ ಕೊನೆಯ ದಿನ ನನ್ನ ಮೇಲೆ ನಿಂತು ಅವನು ಸುಳ್ಳು ಹೇಳಿರಲಿಲ್ಲ, ತಾನು ನಂಬಿದ್ದನ್ನೇ ಹೇಳಿದ್ದ. ಕೆಲಸ ಹೋದ ಹನ್ನೊಂದು ಮನೆಗಳಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.